ಆಗಿನದೋ ಈಗಿನದೋ

ಮುಖಕ್ಕೆಲ್ಲ ನೊರೆ ಬಳಿದುಕೊಂಡು ಕನ್ನಡಿಯೆದುರು ನಿಂತ ಡಬ್ಬಣ್ಣನಿಗೆ, ದಿನಾ ಯಾವ ಕೆನ್ನೆಯಿಂದ ಶುರು ಮಾಡುತ್ತೇನೆ ಎಂಬುದು ಇದ್ದಕ್ಕಿದ್ದಂತೆ ಮರೆತುಹೋಯಿತು. ಯೋಚಿಸದೆ ಇದ್ದಿದ್ದರೆ ಕೈ ತಾನಾಗಿ ಹೋಗುತ್ತಿತ್ತು, ಯೋಚಿಸಿದ್ದೇ ತಪ್ಪಾಯಿತು. ರೇಜರನ್ನು ಎಡಕ್ಕೆ ಒಯ್ದ, ಏನೋ ಸರಿಯಿಲ್ಲ ಅನ್ನಿಸಿತು. ಬಲಕ್ಕೆ ಒಯ್ದ, ಅದೂ ಯಾರದೋ ಮನೆಯ ಬಾಗಿಲು ತಟ್ಟಿದ ಹಾಗಾಯಿತು. ಐವತ್ತು ದಾಟಿದ ಗಂಡಸು ಗಡ್ಡ ಹೆರೆದುಕೊಳ್ಳಲು ಆಲೋಚನೆ ಮಾಡುತ್ತ ನಿಲ್ಲುವುದೆಂದರೆ ಯಾರಿಗಾದರೂ ಹೇಳಿಕೊಳ್ಳುವ ಸಂಗತಿಯೇ? ಇದಕ್ಕೆಲ್ಲ ಮೂಲ ಆ ಕ್ಷೌರದ ಅಂಗಡಿಯವನು. ಹೋದ ವಾರ ತಲೆ ಬಗ್ಗಿಸಿ ಕೂತಿದ್ದಾಗ ಅವನು, “ನಿಮ್ಮ ಹಳೇ ಬೀಟುಗಳು ಇದ್ವಲ್ಲ ಸಾರ್, ಅವು ಅಂದ್ರೆ ಅವು. ಈಗಿನವೂ ಚೆನ್ನಾಗಿವೆ, ಇಲ್ಲ ಅನ್ನಲ್ಲ, ಆದ್ರೆ...” ಎಂದು ನಿಲ್ಲಿಸಿ ಕಿವಿಯ ಹಿಂದೆ ಕತ್ತರಿ ಆಡಿಸಿದ್ದ. ಆ ‘ಆದ್ರೆ’ಯ ಮುಂದೆ ಏನಿತ್ತೆಂದು ಕೇಳಲು ಬಾಯಿ ಬರಲಿಲ್ಲ, ಕತ್ತರಿ ಅವನ ಕೈಯಲ್ಲಿತ್ತು. ಅಂದಿನಿಂದ ಆ ‘ಆದ್ರೆ’ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಹೋದಲ್ಲೆಲ್ಲ ಜೊತೆಗೆ ಬರುತ್ತಿತ್ತು. ಕೊನೆಗೆ ಕಣ್ಣು ಮುಚ್ಚಿಕೊಂಡ. ಕೈ ಬಲಕ್ಕೆ ಹೋಯಿತು, ಹೋಗಿದ್ದೇ ಗಲ್ಲದ ಹತ್ತಿರ ಕೊಯ್ದಿತು. “ಅಣ್ಣಾ, ಹೊತ್ತಾಯ್ತು,” ಎಂದು ತಂಗಿ ಒಳಗಿನಿಂದ ಕೂಗಿದಳು.

ಡಬ್ಬಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಚಿಕ್ಕಂದಿನಲ್ಲಿ ಕೈಗೆ ಸಿಕ್ಕ ಎಣ್ಣೆ ಡಬ್ಬಗಳನ್ನೆಲ್ಲ ಬಡಿದು ಬೀದಿಯ ನಿದ್ದೆ ಕೆಡಿಸುತ್ತಿದ್ದವನಿಗೆ ಬೀದಿಯವರೇ ಸಿಟ್ಟಿನಿಂದ ಇಟ್ಟದ್ದು. ಅದೇ ಮುಂದೆ ರೆಕಾರ್ಡುಗಳ ಹಿಂಬದಿಯಲ್ಲಿ ಅಚ್ಚಾಗಿ ಮರ್ಯಾದೆ ಪಡೆಯಿತು. ಅವನ ಕಸುಬು ಹಾಡುವುದಲ್ಲ, ಹಾಡುವವನ ಕಾಲಡಿಗೆ ನೆಲ ಹಾಕುವುದು. ರ‍್ಯಾಪ್ ಮಾಡುವವರು ಮಾತಿನ ಮೇಲೆ ಮಾತು ಪೇರಿಸಿಕೊಂಡು ಹೋಗುತ್ತಾರಲ್ಲ, ಅದರ ಅಡಿಯಲ್ಲಿ ಎದೆಗೆ ಗುದ್ದುತ್ತ ನಡೆಯುವ ಬೀಟ್ ಅವನದು. ಯಾವುದೋ ಕಾಲದ ರೆಕಾರ್ಡಿನಿಂದ ಪಿಯಾನೋದ ಒಂದು ತುಣುಕು, ಇನ್ನೊಂದರಿಂದ ಹಾಡುಗಾತಿ ಉಸಿರೆಳೆದುಕೊಂಡ ಸದ್ದು, ಮತ್ತೊಂದರಿಂದ ಡ್ರಮ್ಮಿನ ಒಂದೇ ಒಂದು ಏಟು ಕತ್ತರಿಸಿ ತೆಗೆದು, ಸ್ಯಾಂಪ್ಲರ್ ಎಂಬ ಯಂತ್ರದ ರಬ್ಬರ್ ಗುಂಡಿಗಳಿಗೆ ಹಂಚಿ, ಬೆರಳಲ್ಲಿ ಬಡಿದು ಹೊಸ ನಡಿಗೆ ಕಟ್ಟಬೇಕು. ಈಗಿನವರು ಕಂಪ್ಯೂಟರಿನಲ್ಲಿ ಒಂದು ಸಾಲು ಮಾಡಿಟ್ಟು ಅದನ್ನೇ ಕೊನೆಯವರೆಗೆ ನಕಲು ಎಳೆಯುತ್ತಾರೆ. ಡಬ್ಬಣ್ಣ ಹಾಡಿನ ಉದ್ದಕ್ಕೂ ಕೈಯಿಂದಲೇ ಬಡಿಯುತ್ತಾನೆ. ಇನ್ನೊಂದು ಹಠವೂ ಇತ್ತು. ಬೀಟ್ ಪಕ್ಕದ ಕೋಣೆಯ ಕಂಪ್ಯೂಟರಿಗೆ ಒಮ್ಮೆ ಹರಿದುಹೋದ ಕೂಡಲೇ ಯಂತ್ರದಲ್ಲಿದ್ದುದನ್ನೆಲ್ಲ ಅಳಿಸಿಬಿಡುವುದು, ಆಮೇಲೆ ಅದನ್ನು ಮತ್ತೆ ಕೇಳದೆ ಇರುವುದು. ಉಂಡ ತಟ್ಟೆಯನ್ನು ನೆಕ್ಕುತ್ತ ಕೂರಬಾರದು ಎನ್ನುತ್ತಿದ್ದ. ಪತ್ರಿಕೆಯವರು ಇದನ್ನೊಂದು ದೊಡ್ಡ ವೈರಾಗ್ಯವೆಂಬಂತೆ ಬರೆದಿದ್ದರು. ನಿಜ ಹೇಳಬೇಕೆಂದರೆ ಶುರುವಿನಲ್ಲಿ ಯಂತ್ರ ಬಾಡಿಗೆಯದು, ಅಳಿಸದೆ ವಾಪಸು ಕೊಟ್ಟರೆ ಮುಂದೆ ಒಯ್ಯುವವನು ಕದಿಯುತ್ತಾನೆಂಬ ಹೆದರಿಕೆ. ಹೆದರಿಕೆ ಹಳತಾಗಿ ವೈರಾಗ್ಯವಾಗಿತ್ತು. ಪಕ್ಕದ ಕೋಣೆಯ ಕಂಪ್ಯೂಟರು ತಂಗಿಯದು. ಜಾಹೀರಾತುಗಳಿಗೆ ದನಿ ಹೊಂದಿಸಿ ಕೊಡುವುದು ಅವಳ ಸಂಪಾದನೆ. ಅದರ ನಡುವೆ ಅಣ್ಣನ ಬೀಟುಗಳನ್ನು ತುಂಬಿಕೊಂಡು, ಗೊರಗೊರ ಸದ್ದು ತೆಗೆದು, ಕೇಳಿದವರಿಗೆ ಕಳಿಸುವುದೂ ಅವಳೇ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಅವಳು ಹೇಳಿದ್ದಿಲ್ಲ. ಅವನು ಕೇಳಿದ್ದೂ ಇಲ್ಲ.

ಇವತ್ತು ಹೋಗಬೇಕಾಗಿದ್ದದ್ದು ಫೋನಿನಲ್ಲಿ ಲಕ್ಷಾಂತರ ಜನ ನೋಡುತ್ತಾರೆನ್ನುವ ಒಂದು ಕಾರ್ಯಕ್ರಮಕ್ಕೆ. ಹಳಬರನ್ನು ಕರೆದು ಕೂರಿಸಿ, ಅವರ ಆಗಿನ ಕೆಲಸವನ್ನೂ ಈಗಿನ ಕೆಲಸವನ್ನೂ ತಕ್ಕಡಿಗೆ ಹಾಕುವುದು ಅದರ ಕಥೆ. ವಕೀಲ ಒತ್ತಾಯ ಮಾಡದಿದ್ದರೆ ಡಬ್ಬಣ್ಣ ಒಪ್ಪುತ್ತಿರಲಿಲ್ಲ. ವಕೀಲನೂ ಕೋರ್ಟಿನ ವಕೀಲನಲ್ಲ. ಹಾಡಿನಲ್ಲೆಲ್ಲ ಊರಿನ ಮೇಲೆ ದಾವೆ ಹೂಡುವ ರ‍್ಯಾಪ್ ಗಾಯಕನಾದ್ದರಿಂದ ಆ ಹೆಸರು. ಇಬ್ಬರೂ ಕೂಡಿ ಮಾಡಿದ ಮೊದಲ ರೆಕಾರ್ಡಿನ ಹೆಸರು ಹೇಳಿದರೆ ಈಗಲೂ ಜನ ಎದೆ ಮುಟ್ಟಿಕೊಳ್ಳುತ್ತಾರೆ. ಎಷ್ಟೋ ವರ್ಷ ಕಳೆದು ವಕೀಲ ಮತ್ತೊಂದು ರೆಕಾರ್ಡು ಮಾಡಿದ್ದ; ನಾಳೆ ಹೊರಬರುವುದಿತ್ತು; ಅದರಲ್ಲಿ ಅರ್ಧ ಬೀಟು ಡಬ್ಬಣ್ಣನವು, ಅರ್ಧ ಹೊಸ ಹುಡುಗರವು. ಕಟ್ಟಡದ ಬಾಗಿಲಲ್ಲಿ ಕಾವಲುಗಾರ ಅವನನ್ನೂ ಹೆಗಲ ಚೀಲವನ್ನೂ ನೋಡಿ, “ಎ.ಸಿ. ರಿಪೇರಿಯವರಾ? ಹಿಂದಿನ ಬಾಗಿಲಿಂದ ಹೋಗಿ,” ಎಂದ. ಡಬ್ಬಣ್ಣ ಹಿಂದಿನ ಬಾಗಿಲಿಗೆ ಹೋದ. ಅಲ್ಲ ಎನ್ನಲು ಒಂದು ಮಾತು ಸಾಕಿತ್ತು, ಯಾಕೆ ಬಾಯಿಗೆ ಬೀಗ ಬಿತ್ತೋ. ಕಸದ ಡಬ್ಬಿಗಳ ಸಾಲು ದಾಟಿ, ಸಾಮಾನು ಸಾಗಿಸುವ ಲಿಫ್ಟಿನಲ್ಲಿ ನಿಂತು ಮೇಲೆ ಹೋಗುವಾಗ, ಎ.ಸಿ. ರಿಪೇರಿಯವನೇ ಆಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸಿತು. ರಿಪೇರಿಯಾದ ಯಂತ್ರ ತಣ್ಣಗೆ ಗಾಳಿ ಬಿಡುತ್ತದೆ, ಇಲ್ಲವೇ ಬಿಡುವುದಿಲ್ಲ. ಹೋದ ವರ್ಷದ ಗಾಳಿಯೇ ಗಾಳಿ, ಈ ವರ್ಷದ್ದೂ ಚೆನ್ನಾಗಿದೆ, ಆದ್ರೆ... ಎಂದು ಯಾರೂ ಕತ್ತರಿ ಆಡಿಸುವುದಿಲ್ಲ.

ಒಳಗೆ ಕಪ್ಪು ಬಟ್ಟೆ ಹೊದಿಸಿದ ಗೋಡೆ, ಕಣ್ಣಿಗೆ ಚುಚ್ಚುವ ದೀಪ. ಅವನಿಗೆಂದು ಇಟ್ಟ ಕುರ್ಚಿ ಎಷ್ಟು ತಗ್ಗಾಗಿತ್ತೆಂದರೆ ಮೊಣಕಾಲು ಎದೆಗೆ ಬಂದು, ಅಂಚೆ ಕಚೇರಿಯಲ್ಲಿ ಸರದಿಗೆ ಕಾದು ಕೂತವನಂತೆ ಕಾಣುತ್ತಿದ್ದ. ವಕೀಲ ಆಗಲೇ ಕಾಲ ಮೇಲೆ ಕಾಲು ಹಾಕಿಕೊಂಡು ನಗುತ್ತ ಕೂತಿದ್ದ. ಅವನಿಗೆ ಎಲ್ಲಾ ಕುರ್ಚಿಗಳೂ ಹಿಡಿಸುತ್ತವೆ. ನಿರೂಪಕ ಜುಟ್ಟು ಕಟ್ಟಿದ ತರುಣ, ಮಾತಿನಲ್ಲಿ ಜೇನು. “ಸಾರ್, ನಿಮ್ಮ ಹಳೇದು ಕೇಳ್ಕೊಂಡೇ ಬೆಳೆದೋರು ನಾವು. ನಮ್ಮಪ್ಪ ನನ್ನ ತೊಟ್ಟಿಲು ತೂಗಿದ್ದೇ ಅದಕ್ಕೆ,” ಎಂದ. ಡಬ್ಬಣ್ಣ ಕೈ ಮುಗಿದ. ಎದೆಗೆ ಗುದ್ದಲೆಂದು ಮಾಡಿದ ಬೀಟು ತೊಟ್ಟಿಲು ತೂಗಲು ಬಳಕೆಯಾಯಿತೆಂದು ಕೇಳಿ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ. ನಿರೂಪಕ ಕ್ಯಾಮೆರಾದ ಕಡೆ ತಿರುಗಿ, “ಎಲ್ರೂ ಕೇಳೋ ಪ್ರಶ್ನೆ ಒಂದೇ. ಈ ಹಳೇ ಹುಲಿಗಳ ಪಂಜದಲ್ಲಿ ಇನ್ನೂ ಆ ಶಕ್ತಿ ಇದೆಯಾ?” ಎಂದಾಗ, ಗಲ್ಲದ ಮೇಲಿನ ಗಾಯ ಉರಿಯಿತು. ಯಾರೋ ಹುಡುಗಿ ಬಂದು ಅದರ ಮೇಲೆ ಪೌಡರು ಒತ್ತಿ ಹೋದಳು.

“ಈಗ ಒಂದು ಆಟ ಸಾರ್,” ಎಂದ ನಿರೂಪಕ. “ಬರೀ ಬೀಟ್ ಹಾಕ್ತೀನಿ. ಯಾರ ದನಿಯೂ ಇರಲ್ಲ. ಎಲ್ಲಾ ನಿಮ್ಮವೇ. ಆಗಿನದೋ ಈಗಿನದೋ, ನೀವು ಹೇಳ್ಬೇಕು.” ಮೊದಲನೆಯದು ಶುರುವಾಗುವ ಮೊದಲೇ ಗೊತ್ತಾಯಿತು, ಊರಿಗೆಲ್ಲ ಗೊತ್ತಿರುವ ಬೀಟು. ಆಗಿನದು ಎಂದ. ಎರಡನೆಯದು ಹೊಸ ರೆಕಾರ್ಡಿನದು. ಅದನ್ನು ಮಾಡುವಾಗ ಕೀಲುನೋವಿನ ಮುಲಾಮು ಹಚ್ಚಿಕೊಂಡಿದ್ದು ನೆನಪಿತ್ತು, ಆ ಮುಲಾಮಿನ ವಾಸನೆಯೇ ಬೀಟಿನಿಂದ ಬಂದ ಹಾಗಾಗಿ ಈಗಿನದು ಎಂದು ಗೊಣಗಿದ. ಮೂರನೆಯದು ಶುರುವಾಯಿತು. ಶುರುವಾದದ್ದೇ ಎದೆಯೊಳಗೆ ಏನೋ ಸಡಿಲವಾಯಿತು. ಪಿಯಾನೋ ಒಂದು ಕಾಲು ಕುಂಟುತ್ತ ನಡೆಯುತ್ತಿತ್ತು, ಸ್ನೇರ್ ಡ್ರಮ್ಮಿನ ಏಟು ಬೀಳಬೇಕಾದ ಗಳಿಗೆಗೆ ಬೀಳದೆ, ಬಂದೆ ಇರಪ್ಪಾ ಎಂದು ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು, ಆ ತಡದಲ್ಲಿ ಕೇಳುವವನ ಇಡೀ ಮೈ ಕಾದುಕೊಂಡಿರುತ್ತಿತ್ತು. ಡಬ್ಬಣ್ಣನಿಗೆ ಕಣ್ಣು ತುಂಬಿಬಂತು. ಇದನ್ನು ಹೇಗೆ ಮರೆತಿದ್ದೆ! “ಆಗಿನದು,” ಎಂದ. “ಅನುಮಾನವೇ ಬೇಡ. ಈ ಸೋಮಾರಿತನ ನೋಡಿ, ಈ ಏಟಲ್ಲಿ. ಇದು ಕಲಿತು ಬರೋದಲ್ಲ. ಈಗಿನವರಿಗೆ ಬರಲ್ಲ. ನನಗೂ ಈಗ ಬರಲ್ಲ. ಕ್ಯಾಮೆರಾ ಮುಂದೆ ಹೇಳ್ತೀನಿ, ನನಗೂ ಬರಲ್ಲ.” ಮಾತು ಕಟ್ಟೆ ಒಡೆದು ಹರಿಯಿತು. ಸೈಕಲ್ ಅಂಗಡಿಯ ಮೇಲಿನ ಕೋಣೆ, ಕಿಟಕಿಗೆ ಹೊದಿಕೆ ಹೊಡೆದು ಸದ್ದು ತಡೆಯುತ್ತಿದ್ದದ್ದು, ಪಕ್ಕದ ಮನೆಯಾಕೆ ರೇಗಿ ಗೋಡೆಗೆ ಬಡಿಯುತ್ತಿದ್ದದ್ದು. “ಕೇಳಿಸ್ತಾ? ಹಿಂದೆ ಟಕ್ ಅಂತಲ್ಲ? ಅದು ಆಯಮ್ಮ ಪೊರಕೆ ಹಿಡಿಯಿಂದ ಗೋಡೆಗೆ ಹೊಡೆದದ್ದು. ಬೈತಾ ಇದ್ರೂ ತಾಳಕ್ಕೆ ಸರಿಯಾಗಿ ಹೊಡೆದ್ಲು ಪುಣ್ಯಾತ್ಗಿತ್ತಿ. ತೆಗೀಲೇ ಇಲ್ಲ ನಾನು.”

ವಕೀಲ ತೊಡೆ ಚಪ್ಪರಿಸಿ ನಕ್ಕ. “ಅಲ್ಲಯ್ಯಾ ಡಬ್ಬ, ಹೋದ ತಿಂಗಳು ಇದರ ಮೇಲೇ ಅಲ್ವೇನೋ ನಾನು ಹಾಡಿದ್ದು! ನೀನೇ ಕಳಿಸಿದ್ದು! ಹೊಸ ರೆಕಾರ್ಡಿನ ಮೂರನೇ ಹಾಡು!” ನಿರೂಪಕ ಎದ್ದು ನಿಂತು ಚಪ್ಪಾಳೆ ಹೊಡೆದ, ಕ್ಯಾಮೆರಾದ ಹಿಂದಿನವರೂ ಹೊಡೆದರು, ಪೌಡರಿನ ಹುಡುಗಿಯೂ ಹೊಡೆದಳು. “ನೋಡಿದ್ರಲ್ಲ! ಮಾಡಿದವರ ಬಾಯಲ್ಲೇ ಬಂತು! ಹಳೇದಕ್ಕೂ ಹೊಸದಕ್ಕೂ ವ್ಯತ್ಯಾಸ ಅವರಿಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ಇನ್ನು ಯಾರು ಏನು ಹೇಳೋದು!” ಡಬ್ಬಣ್ಣನೂ ನಕ್ಕ. ಎಲ್ಲರೂ ನಗುವಾಗ ನಗದಿದ್ದರೆ ಚೆನ್ನಾಗಿರುವುದಿಲ್ಲ. ಗೆದ್ದವನನ್ನು ನೋಡುವ ಹಾಗೆ ಎಲ್ಲರೂ ಅವನನ್ನು ನೋಡುತ್ತಿದ್ದರು, ಅವನಿಗೆ ಮಾತ್ರ ತುಂಬಿದ ಬಸ್ಸಿನಲ್ಲಿ ಪಂಚೆ ಸಡಿಲಾದಂತಾಗಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆತ್ತ ಹೆಗ್ಗಣದ ಗುರುತೇ ಸಿಗದವನಿಗೆ ಏನನ್ನುತ್ತಾರೋ. ಅದೂ ಹೋಗಲಿ, ಆ ಪೊರಕೆ? ಆಯಮ್ಮ? ಅವಳ ಬಳೆಯ ಸದ್ದು ಕೂಡ ಕೇಳಿಸಿತ್ತಲ್ಲ ಈಗ ತಾನೆ. ಇಲ್ಲದ ಪೊರಕೆಯನ್ನು ಇಷ್ಟು ನಿಚ್ಚಳವಾಗಿ ನೆನಪಿಟ್ಟುಕೊಂಡವನು, ಇದ್ದದ್ದೆಂದು ಇಷ್ಟು ವರ್ಷ ಹೇಳಿಕೊಂಡು ಬಂದದ್ದರಲ್ಲಿ ಇದ್ದದ್ದೆಷ್ಟು?

ಹೊರಗೆ ಕಾರಿಡಾರಿನಲ್ಲಿ ವಕೀಲ ಅವನ ಹೆಗಲ ಮೇಲೆ ಕೈ ಹಾಕಿದ. “ತಲೆ ಯಾಕೋ ಕೆಳಗೆ ಹಾಕ್ಕೊಂಡಿದೀಯ? ಆನೆ ನಡೆದದ್ದೇ ದಾರಿ ಅನ್ನೋ ಹಾಗೆ ಮಾಡ್ದೆ ಇವತ್ತು. ಕೇಳು, ಮುಂದಿನ ರೆಕಾರ್ಡು ಪೂರ್ತಿ ನಿಂದೇ. ಹುಡುಗರು ಗಿಡುಗರು ಯಾರೂ ಬೇಡ. ಮೊದಲಿನ ಹಾಗೆ, ನೀನು ನಾನು ಇಬ್ರೇ.” ಡಬ್ಬಣ್ಣ ಚೀಲವನ್ನು ಹೆಗಲಿಗೆ ಸರಿಸಿಕೊಂಡಾಗ, “ಸಂಜೆಯೊಳಗೆ ಹ್ಞೂಂ ಅನ್ನು ಅಷ್ಟೆ. ಇಲ್ಲಾಂದ್ರೆ ಆ ಹುಡುಗರಿಗೆ ಮಾತು ಕೊಡ್ಬೇಕು, ಕಾಯ್ತಾ ಕೂತಿದಾರೆ,” ಎಂದ. ಈ ಮಾತಿಗೆ ಎಷ್ಟು ವರ್ಷ ಬಾಯಿ ಬಿಟ್ಟು ಕಾದಿದ್ದನೋ ಡಬ್ಬಣ್ಣನಿಗೇ ಗೊತ್ತು. ಅದು ಬಂದು ಬಾಯಿಗೇ ಬಿದ್ದಾಗ ನುಂಗಲಾರದ ಉಗುಳಲಾರದ ಬಿಸಿತುಪ್ಪವಾಯಿತು. “ಹೇಳ್ತೀನಿ,” ಎಂದು ಈ ಸಲ ಮುಂದಿನ ಬಾಗಿಲಿನಿಂದ ಇಳಿದುಹೋದ. ಕಾವಲುಗಾರ, “ಆಯ್ತಾ ರಿಪೇರಿ?” ಎಂದು ಕೇಳಿದ. ಆಯ್ತು ಎಂದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ನಡುಗುತ್ತಿದ್ದ ಗಾಜಿಗೆ ಹಣೆ ಆನಿಸಿ ಕೂತ. ಆ ಸ್ನೇರ್ ತಡವಾಗಿ ಬಿದ್ದದ್ದು ಹೇಗೆ? ಈಗಿನ ಅವನ ಕೈ ಭಯಸ್ಥನ ಕೈ, ಪರೀಕ್ಷೆಗೆ ಕೂತ ಹುಡುಗನ ಹಾಗೆ ಗಂಟೆ ಹೊಡೆದ ಕೂಡಲೇ ಬೀಳುತ್ತದೆ. ಅದು ಅವನಿಗೆ ಗೊತ್ತು, ದಿನಾ ಕೇಳುವವನು ಅವನೇ. ಹಾಗಿದ್ದರೆ ಆ ತಡ ಎಲ್ಲಿಂದ ಬಂತು? ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು, ಆಗ ತಂಗಿ ನೆನಪಾದಳು. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಬೆನ್ನು ಮಾಡಿ ಕೂತ ತಂಗಿ. ಒಂದು ಸಲ ನೀರು ಕುಡಿಯಲು ಹೋದಾಗ ಅವಳು ಪರದೆಯ ಮೇಲೆ ಏನನ್ನೋ ಸರಕ್ಕನೆ ಮುಚ್ಚಿದ್ದಳಲ್ಲ? ಗೊರಗೊರ ತೆಗೆಯುವುದಕ್ಕೆ ಇಡೀ ಮಧ್ಯಾಹ್ನ ಬೇಕೇ? ಏಟುಗಳನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸುವುದು ಕಂಪ್ಯೂಟರಿನಲ್ಲಿ ಎಷ್ಟು ಹೊತ್ತಿನ ಕೆಲಸ! ಮಾಡುತ್ತಿದ್ದಾಳೆ. ಗೊತ್ತಿಲ್ಲದ ಹಾಗೆ ಸರಿ ಮಾಡಿ ಮಾಡಿ ಕಳಿಸುತ್ತಿದ್ದಾಳೆ. ಮುದುಕಪ್ಪನ ಊಟಕ್ಕೆ ಯಾರಿಗೂ ಹೇಳದೆ ಉಪ್ಪು ಕಡಿಮೆ ಮಾಡುವ ಹಾಗೆ. ಅವಮಾನದಿಂದ ಮೈಯೆಲ್ಲ ಉರಿಯಿತು. ಚಿಕ್ಕವಳಿದ್ದಾಗ ರೆಕಾರ್ಡುಗಳನ್ನು ಅಂಚಿನಲ್ಲಿ ಹಿಡಿದು ಎತ್ತಿಕೊಡುತ್ತಿದ್ದ ಹುಡುಗಿ, ಅದನ್ನೂ ಇವನೇ ಕಲಿಸಿದ್ದು. ಆದರೆ ಉರಿಯ ಒಳಗೆ ಇನ್ನೊಂದು ತಣ್ಣಗಿನದು ಇತ್ತು, ಅದು ಏನೆಂದು ತಿಳಿಯಲು ಇಳಿಯಬೇಕಾದ ನಿಲ್ದಾಣ ದಾಟಿ ಹೋಗಬೇಕಾಯಿತು. ಅವಳೇ ಮಾಡಿರಲಿ ಎಂದು ಅವನು ಬಯಸುತ್ತಿದ್ದ. ಅವಳು ಮಾಡಿದ್ದರೆ ಕೈ ಹೋಗಿದೆ, ಅಷ್ಟೆ. ಕೈ ಎಲ್ಲರದೂ ಹೋಗುತ್ತದೆ. ತಾನೇ ಮಾಡಿದ್ದಾದರೆ, ಮಾಡಿದ್ದು ತನಗೇ ಗೊತ್ತಾಗಲಿಲ್ಲವಾದರೆ, ಕಿವಿ ಹೋಗಿದೆ. ಕಿವಿಯೇ ಡಬ್ಬಣ್ಣ. ಕೈ ಅದರ ಆಳು. ಕಂಡಕ್ಟರು ಬಂದು, “ಎಲ್ಲಿಗೆ ನಿಮ್ಮದು?” ಎಂದು ಎರಡು ಸಲ ಕೇಳಿದ ಮೇಲೆ ಇಳಿದು, ಬಂದ ದಾರಿಯನ್ನೇ ನಡೆದ.

ತಂಗಿ ಕಂಪ್ಯೂಟರಿನ ಮುಂದೆ ಇದ್ದಳು, ಯಾವುದೋ ಸೋಪಿನ ಜಾಹೀರಾತಿನ ಹೆಂಗಸು ಪರದೆಯೊಳಗಿಂದ ಒಂದೇ ಮಾತನ್ನು ಮತ್ತೆ ಮತ್ತೆ ನಗುತ್ತ ಹೇಳುತ್ತಿದ್ದಳು. ಡಬ್ಬಣ್ಣ ಬೂಟು ಬಿಚ್ಚದೆ ಬಾಗಿಲಲ್ಲಿ ನಿಂತ.

“ಅದಕ್ಕೆ ಏನು ಮಾಡ್ದೆ ನೀನು?”

“ಯಾವುದಕ್ಕೆ?”

“ವಕೀಲನ ಮೂರನೇದಕ್ಕೆ. ಪಿಯಾನೋ ಕುಂಟುತ್ತಲ್ಲ, ಅದಕ್ಕೆ.”

“ಗೊರಗೊರ ತೆಗ್ದೆ, ಕಳಿಸ್ದೆ.” ಅವಳು ಅವನ ಮುಖ ನೋಡಿದಳು. “ಊಟ ಆಯ್ತಾ? ಗಲ್ಲಕ್ಕೇನು ಬಳ್ಕೊಂಡಿದೀಯ?”

“ಸುಳ್ಳು ಹೇಳ್ಬೇಡ. ಸ್ನೇರ್ ಹಿಂದಕ್ಕೆ ತಳ್ಳಿದ್ದು ನೀನು. ನನ್ನ ಕೈ ಈಗ ಹಾಗೆ ಬೀಳಲ್ಲ. ಎಷ್ಟು ದಿನದಿಂದ ಕದ್ದು ಸರಿ ಮಾಡ್ತಿದೀಯ? ಎಲ್ಲಾನೂನಾ? ಎಲ್ಲಾ ನಿಂದೇನಾ?”

ಹಾಗೆ ಕೂಗುತ್ತೇನೆಂದು ಅವನು ಎಣಿಸಿರಲಿಲ್ಲ. ಸೋಪಿನ ಹೆಂಗಸಿನ ಬಾಯಿಯನ್ನು ತಂಗಿ ಮುಚ್ಚಿಸಿದಳು. ಕದ್ದು ಎಂಬ ಮಾತು ಕೋಣೆಯಲ್ಲಿ ನಿಂತುಬಿಟ್ಟಿತು. ಇಷ್ಟು ವರ್ಷ ಜ್ವರ ಬಂದರೂ, ಗಂಡ ಬಿಟ್ಟು ಹೋದ ವಾರದಲ್ಲೂ, ಒಂದು ದಿನ ತಪ್ಪಿಸದೆ ಅವನ ಸದ್ದುಗಳನ್ನು ಒರೆಸಿ ಕಳಿಸಿದವಳಿಗೆ ಹೇಳುವ ಮಾತೇ ಅದು? ಡಬ್ಬಣ್ಣನಿಗೆ ನಾಚಿಕೆಯಾಯಿತು, ನಾಚಿಕೆಯಾದಷ್ಟೂ ದನಿ ಗಟ್ಟಿ ಮಾಡಬೇಕು ಅನ್ನಿಸಿತು. ಅವಳು ಅಳಲಿಲ್ಲ, ರೇಗಲೂ ಇಲ್ಲ. “ಕೂತ್ಕೋ,” ಎಂದಳು. “ನೀನು ಬಡಿದದ್ದು ಬಡಿದ ಹಾಗೇ ಇದೆ ನನ್ನ ಹತ್ರ. ಕಳಿಸಿದ್ದೂ ಇದೆ. ಎರಡೂ ಹಾಕ್ತೀನಿ. ಯಾವುದನ್ನ ಮುಟ್ಟಿದೀನಿ, ನೀನೇ ಹೇಳು.”

ಮೊದಲನೆಯದನ್ನು ಹಾಕಿದಳು. ಡಬ್ಬಣ್ಣ ಕಣ್ಣು ಮುಚ್ಚಿ, ಎರಡೂ ಕೈ ತೊಡೆಯ ಮೇಲಿಟ್ಟು ಕೇಳಿದ. ಹೌದು, ಇದು ತನ್ನದು, ಈಗಿನ ತನ್ನದು. ಪಿಯಾನೋ ಕುಂಟುತ್ತಿದೆ, ನಿಜ, ಆದರೆ ಬೇಕೆಂದೇ ಕುಂಟುತ್ತಿದೆ. ಏಟು ಹೇಳಿದ ಗಳಿಗೆಗೇ ಬೀಳುತ್ತಿದೆ. ಟಕ್ ಎಂಬುದು ಪೊರಕೆಯೂ ಅಲ್ಲ ಎಂಥದೂ ಅಲ್ಲ, ಗುಂಡಿಗೆ ತಾಗಿದ ಉಗುರು. ಚೊಕ್ಕವಾದ, ಪ್ರಾಣವಿಲ್ಲದ ಕೆಲಸ. ಅವಳು ಎರಡನೆಯದನ್ನು ಹಾಕಿದಳು. ಹಾಕಿದ್ದೇ ತಡ, ಎದೆ ಮತ್ತೆ ಸಡಿಲವಾಯಿತು. ಇಲ್ಲಿದೆ! ಅದೇ ತಡ, ಅದೇ ಸೋಮಾರಿತನ. ಪಿಯಾನೋ ಈಗ ನಿಜವಾಗಿ ಕಾಲುನೋವಿರುವವನ ಹಾಗೆ ಹೆಜ್ಜೆ ಇಡುತ್ತಿದೆ. ಹಗಲು ರಾತ್ರಿಯಷ್ಟು ವ್ಯತ್ಯಾಸ. ಕೈ ಹೋಗಿದೆ, ಸರಿ, ಕಿವಿ ಇದೆ. ಎಷ್ಟು ಹಗುರವಾಯಿತೆಂದರೆ ಅವಳ ಮೇಲೆ ಪ್ರೀತಿ ಉಕ್ಕಿತು. “ಎರಡನೇದು ನೀನು ಮುಟ್ಟಿದ್ದು,” ಎಂದ. “ಚೆನ್ನಾಗಿ ಮಾಡಿದೀಯ ಕಣೇ. ನಾನೇ ಮಾಡಿದ್ರೂ ಇಷ್ಟು ಚೆನ್ನಾಗಿ ಆಗ್ತಿರಲಿಲ್ಲ.”

ತಂಗಿ ಪರದೆಯನ್ನು ಅವನ ಕಡೆ ತಿರುಗಿಸಿದಳು. ಅಲ್ಲಿ ಸದ್ದಿನ ಒಂದೇ ಒಂದು ಪಟ್ಟಿ ಇತ್ತು. “ಒಂದನ್ನೇ ಎರಡು ಸಲ ಹಾಕ್ದೆ ಅಣ್ಣ,” ಎಂದಳು ಮೆಲ್ಲಗೆ. “ನೀನು ಬಡಿದದ್ದು. ಗೊರಗೊರ ತೆಗ್ದೆ ಅಂದದ್ದು ರೂಢಿಗೆ, ಇದೊಂದರಲ್ಲಿ ಅದೂ ಇರಲಿಲ್ಲ, ಹಾಗೇ ಕಳಿಸಿದ್ದೆ.”

ಬೂಟು ಹಾಕಿಕೊಂಡೇ ಅವನು ತನ್ನ ಕೋಣೆಗೆ ಹೋಗಿ ಯಂತ್ರದ ಮುಂದೆ ಕೂತ. ಹಾಗಾದರೆ ಅದು ತನ್ನದೇ. ಸಂತೋಷ ಪಡಬೇಕಾದ ಸುದ್ದಿ. ಊರೆಲ್ಲ ಕೇಳುವ ಪ್ರಶ್ನೆಗೆ ಉತ್ತರ ಸಿಕ್ಕಿದೆ: ಪಂಜದಲ್ಲಿ ಶಕ್ತಿಯಿದೆ, ಹುಲಿಗೆ ಮಾತ್ರ ಅದು ತಿಳಿಯುವುದಿಲ್ಲ. ಕ್ಷೌರದಂಗಡಿಯವನ ಕಿವಿ ಸರಿಯೋ ನಿರೂಪಕನ ಕಿವಿ ಸರಿಯೋ ಹೇಳಬೇಕಾದವನ ಕಿವಿಯೇ ಕೈಕೊಟ್ಟಿತು. ಅಥವಾ ಮೊದಲಿನಿಂದಲೂ ಹೀಗೆಯೇ ಇತ್ತೋ? ಸೈಕಲ್ ಅಂಗಡಿಯ ಮೇಲೆ ಕೂತು, ಇದು ಬೇಡ ಅದು ಬೇಕು ಎಂದು ಅಷ್ಟು ಗತ್ತಿನಿಂದ ಆರಿಸುತ್ತಿದ್ದಾಗಲೂ ಒಂದನ್ನೇ ಎರಡು ಸಲ ಕೇಳಿ ಎರಡು ಎಂದುಕೊಳ್ಳುತ್ತಿದ್ದೆನೋ? ಆಗ ತಪ್ಪಾದರೆ ಹೇಳುವವರು ಯಾರೂ ಪಕ್ಕದ ಕೋಣೆಯಲ್ಲಿರಲಿಲ್ಲ. ಚೀಲದೊಳಗೆ ಫೋನು ಹೊಡೆದುಕೊಂಡಿತು. ವಕೀಲನದೇ. ಹೊಡೆದು ಹೊಡೆದು ಸುಮ್ಮನಾಯಿತು. ಕಿಟಕಿಯಾಚೆ ಬಿಸಿಲು ಇಳಿಯುತ್ತಿತ್ತು, ಶಾಲೆ ಬಿಟ್ಟ ಮಕ್ಕಳು ಕಿರುಚುತ್ತ ಹೋದರು.

ಏನೂ ತೋಚದೆ ಯಂತ್ರ ಹಾಕಿದ. ನಿನ್ನೆ ಕತ್ತರಿಸಿಟ್ಟ ಚೂರುಗಳಿದ್ದವು: ಒಂದು ಕಹಳೆಯ ಬಾಲ, ಒಂದು ಏಟು, ಯಾರೋ ಗಂಟಲು ಸರಿಮಾಡಿಕೊಂಡದ್ದು. ಕೈಗೆ ಬಂದ ಹಾಗೆ ಬಡಿದ. ಬಡಿಯುತ್ತ ಬಡಿಯುತ್ತ ಅದು ಒಂದು ನಡಿಗೆಗೆ ಬಂತು, ಮುಂದಕ್ಕೆ ಬಾಗಿ ಬೆನ್ನೆಲ್ಲ ಬೆವೆತಿತು. ಈ ವರ್ಷದಲ್ಲೇ ಇಂಥದು ಬಂದಿರಲಿಲ್ಲ ಅನ್ನಿಸಿತು. ಅನ್ನಿಸಿದ್ದಕ್ಕೆ ಈಗ ಏನು ಬೆಲೆ? ನಿಲ್ಲಿಸಿದ. ತಂಗಿ ಬಾಗಿಲಿಗೆ ಬಂದು ನಿಂತಿದ್ದಳು. “ಹೇಗಿದೆ?” ಎಂದು ಕೇಳಿದ. ಜನ್ಮದಲ್ಲಿ ಯಾರನ್ನೂ ಕೇಳದ ಮಾತು ಬಾಯಿಂದ ಬಿದ್ದದ್ದೇ ಕಿವಿ ಬಿಸಿಯಾಯಿತು.

“ನಿಜ ಹೇಳ್ಲಾ?”

“ಹೇಳು.”

“ಚೆನ್ನಾಗಿಲ್ಲ.”

ಮೊದಲು ಸಿಟ್ಟೇ ಬಂತು. ಸೋಪು ಮಾರುವ ಹೆಂಗಸಿನ ದನಿ ತಿದ್ದುವವಳಿಗೆ ಏನು ಗೊತ್ತು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಂದನ್ನೇ ಎರಡು ಸಲ ಹಾಕಿ ನನ್ನನ್ನು ಕುರಿ ಮಾಡಿದಳಲ್ಲ, ಇವಳನ್ನೂ ನೋಡೋಣ ಎಂದು ಹಟ ಹುಟ್ಟಿತು. “ಇರು, ಸರಿ ಮಾಡ್ತೀನಿ,” ಎಂದು ಸುಮ್ಮನೆ ಯಂತ್ರದ ತಿರುಗಿಸುವ ಗುಂಡಿಗಳನ್ನು ಮುಟ್ಟಿದ ಹಾಗೆ ಮಾಡಿ, ಏನನ್ನೂ ಬದಲಾಯಿಸದೆ, ಅದನ್ನೇ ಮತ್ತೆ ಬಡಿದ. ಅದೇ ಕಹಳೆ, ಅದೇ ಏಟು, ಅದೇ ಗಂಟಲು. ಒಂದು ಕೂದಲೆಳೆಯೂ ಆಚೀಚೆ ಆಗದ ಹಾಗೆ, ಅವಳ ಮುಖವನ್ನೇ ನೋಡುತ್ತ ಬಡಿದ. ನೋಡುತ್ತಿದ್ದವನಿಗೆ ಅವಳ ಬೆರಳು ಬಾಗಿಲ ಚೌಕಟ್ಟಿನ ಮೇಲೆ ತಾಳ ಹಾಕತೊಡಗಿದ್ದು ಕಾಣಿಸಿತು.

“ಈಗ?”

“ಈಗ ಬಂತು!” ಎಂದಳು. ಮುಖ ಅರಳಿತ್ತು. “ಏನು ಬದಲಾಯಿಸ್ದೆ?”

ಏನೂ ಇಲ್ಲ, ಎನ್ನಬೇಕಾಗಿತ್ತು. ಏನೂ ಇಲ್ಲ, ಒಂದನ್ನೇ ಎರಡು ಸಲ ಬಡಿದೆ ಎಂದು ಹೇಳಿ ಸೇಡು ತೀರಿಸಿಕೊಳ್ಳಬೇಕಾಗಿತ್ತು. ಆದರೆ ಯಂತ್ರ ಒಂದನ್ನೇ ಎರಡು ಸಲ ಹಾಕಬಲ್ಲದು, ಕೈ ಹಾಕಬಲ್ಲದೇ? ಬೆರಳುಗಳನ್ನು ತಿರುವಿ ನೋಡಿಕೊಂಡ. ತನಗೆ ಹೇಳದೆ ಅವು ಏನೋ ಮಾಡಿದ್ದವು, ಅಥವಾ ಏನನ್ನೂ ಮಾಡಿರಲಿಲ್ಲ, ಅಥವಾ ತಂಗಿ ಅಣ್ಣನ ಮುಖ ನೋಡಿ ಕನಿಕರಪಟ್ಟಿದ್ದಳು. ಯಾವುದೆಂದು ಹೇಳಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಹೆದರಿಕೆಯಾಯಿತು. ಹೆದರಿಕೆಯ ಜೊತೆಗೇ, ಎಣ್ಣೆ ಡಬ್ಬ ಬಡಿಯುತ್ತಿದ್ದ ಕಾಲದಿಂದ ಆಗಿರದಂಥ ಒಂದು ಸಂತೋಷವೂ ಆಯಿತು. ಮತ್ತೆ ಫೋನು ಹೊಡೆದುಕೊಂಡಿತು; ತಂಗಿ ಚೀಲದಿಂದ ತೆಗೆದು ಅವನ ಮುಂದೆ ಹಿಡಿದಳು. “ಏನು ಬದಲಾಯಿಸ್ದೆ ಹೇಳು ಅಣ್ಣ.”

“ಗೊತ್ತಿಲ್ಲ ಕಣೇ,” ಎಂದ ಡಬ್ಬಣ್ಣ, ಅದೇ ಉಸಿರಿನಲ್ಲಿ ಫೋನು ತೆಗೆದುಕೊಂಡು ವಕೀಲನಿಗೆ ಹ್ಞೂಂ ಅಂದ.